ಉಂಡಿಲ್ಲ ಎಂದ ದನಿ

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮೊಬೈಲ್ ಅಂಗಡಿ ಇದೆ. ಒಡೆದ ಗಾಜು ಬದಲಿಸುವುದು, ಸಿಮ್ ಹಾಕಿಕೊಡುವುದು, ಊಟಿಗೆ ಹೋಗುವವರಿಗೆ ಚಾರ್ಜರ್ ಮಾರುವುದು ನನ್ನ ಕಸುಬು. ಈಚೆಗೆ ಜನ ಇನ್ನೊಂದು ಕೆಲಸ ಹಚ್ಚಿದ್ದಾರೆ. ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಇದು ದಿಟವಾ, ಸುಳ್ಳಾ, ವಸಿ ನೋಡೇಳು" ಎನ್ನುತ್ತಾರೆ. ಗೊತ್ತಿಲ್ಲ ಎಂದರೆ ಅಂಗಡಿಯ ಮರ್ಯಾದೆ ಏನಾಗಬೇಕು? ಕನ್ನಡಕ ಮೇಲೇರಿಸಿ ತೀರ್ಪು ಕೊಡುತ್ತೇನೆ.

ಒಮ್ಮೆ ಚಂದಕವಾಡಿಯವನೊಬ್ಬ ಒಂದು ವಿಡಿಯೋ ತೋರಿಸಿದ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ, ದೇವಸ್ಥಾನದ ಮುಂದೆ, ಮಂಜಿನಲ್ಲಿ ಒಂಟಿ ಸಲಗ ನಿಂತಿತ್ತು. ಆ ವಾರವೆಲ್ಲ ಕಂಪ್ಯೂಟರ್ ತಯಾರಿಸಿದ ಹುಲಿ ಚಿರತೆಗಳನ್ನು ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು. "ನಕಲಿ ಕಣಯ್ಯಾ, ಮಂಜು ನೋಡು, ಎಷ್ಟು ನಯವಾಗದೆ" ಎಂದೆ. ಅವನು ತಣ್ಣಗೆ, "ನಾನೇ ನಿಂತ್ಕಂಡು ತಗುದಿದ್ದು ಕನಣ್ಣ" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ನನಗೆ ಅದು ನಗುವ ವಿಷಯವಾಗಿರಲಿಲ್ಲ. ಸುಳ್ಳನ್ನು ನಿಜ ಅಂದುಕೊಂಡರೆ ಮೋಸಹೋದೆ ಎನ್ನಬಹುದು. ನಿಜವನ್ನೇ ಸುಳ್ಳು ಎಂದವನಿಗೆ ಏನೆನ್ನುವುದು?

ಅದಾದ ಸ್ವಲ್ಪ ದಿನಕ್ಕೆ ಉಡಿಗಾಲದ ಒಬ್ಬ ಅಜ್ಜ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು. ಕಂಪ್ಯೂಟರಿನಲ್ಲಿ ತಯಾರಿಸಿದ ಮೊಮ್ಮಗನ ದನಿಯಲ್ಲಿ ಯಾರೋ ಫೋನ್ ಮಾಡಿ, ಆಸ್ಪತ್ರೆಯಲ್ಲಿದ್ದೇನೆ, ಬೇಗ ದುಡ್ಡು ಹಾಕಿಸು ಎಂದಿದ್ದರಂತೆ, ಅಜ್ಜ ಹಾಕಿಸಿಬಿಟ್ಟಿದ್ದರು. ಮೊಮ್ಮಗ ಆ ಹೊತ್ತಿಗೆ ಮನೆಯ ಹಿತ್ತಲಲ್ಲೇ ಇದ್ದ. ಅವತ್ತೇ ಮನೆಗೆ ಹೋಗಿ ಅವ್ವನನ್ನು ಕೂರಿಸಿಕೊಂಡು ಪಾಠ ಮಾಡಿದೆ. ಗೊತ್ತಿಲ್ಲದ ನಂಬರಿಂದ ಯಾರ ದನಿ ಬಂದರೂ ನಂಬಬೇಡ. ಅವಸರ ಮಾಡಿದರೆ ಇನ್ನೂ ನಂಬಬೇಡ. ಅನುಮಾನ ಬಂದ ತಕ್ಷಣ ಕಟ್ ಮಾಡು.

ನನ್ನ ತಂಗಿ ಗಲ್ಫ್‌ನ ಒಂದು ಊರಲ್ಲಿ ನರ್ಸು. ಚಾಮರಾಜನಗರದಲ್ಲಿ ಓದುವಾಗ ಜೊತೆಯಲ್ಲಿದ್ದ ಮಲಯಾಳಿ ಹುಡುಗಿಯರು ಹೋದ ದಾರಿಯಲ್ಲೇ ಅವಳೂ ಹೋದಳು. ಯಾರಿಗೂ ಹೇಳದ ಒಂದು ಗುಟ್ಟಿನ ಮಾತು ನಮ್ಮೊಳಗೆ ಇರಲಿ, ಫೋನಿನಲ್ಲಿ ಅದನ್ನು ಹೇಳಿದರೆ ಮಾತ್ರ ನೀನು ನೀನೇ ಎಂದು ಅವಳಿಗೂ ಹೇಳಿದೆ. "ಸಿನಿಮಾ ಜಾಸ್ತಿ ನೋಡ್ಬುಟ್ಟಿದ್ದೀಯ ಕನಣ್ಣ" ಎಂದು ನಕ್ಕಳು. ಅವ್ವನಿಗಂತೂ ಕೋಪವೇ ಬಂತು. "ನನ್ ಕೂಸ ಗುರ್ತು ಇಡಿಯಕ್ಕ ನಂಗ ಗುಟ್ಟಿನ ಮಾತ್ಯಾಕ್ಲಾ?"

ಅವ್ವನ ಬಳಿ ಇದ್ದದ್ದು ಒಂದೇ ಪ್ರಶ್ನೆ. ಫೋನ್ ಎತ್ತಿದ ಕೂಡಲೇ "ಉಂಡ್ಯಾಮ್ಮಿ?" ಅದಕ್ಕೆ ತಂಗಿಯ ಉತ್ತರವೂ ಒಂದೇ, "ಉಂಡಿ ಕನವ್ವ." ಅದು ಬರುವವರೆಗೂ ಅವ್ವ ತಟ್ಟೆ ಮುಟ್ಟುವುದಿಲ್ಲ. ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಫೋನನ್ನು ಪಕ್ಕದಲ್ಲಿಟ್ಟುಕೊಂಡು ಕಾಯುತ್ತಾಳೆ. ತಂಗಿಗೆ ಇದು ಗೊತ್ತು. ಚಾಮರಾಜನಗರದ ಹಾಸ್ಟೆಲಿನಲ್ಲಿ ಅವಳಿಗೆ ಜ್ವರ ಬಂದಿದ್ದಾಗ ನಾನು ಹೇಳದೆ ಕೇಳದೆ ಹೋಗಿದ್ದೆ. ಬರೀ ಬಿಸ್ಕತ್ತು ತಿಂದುಕೊಂಡು ಮಲಗಿದ್ದವಳು, ನನ್ನೆದುರಿಗೇ ಅವ್ವನಿಗೆ ಫೋನ್ ಮಾಡಿ, ಮುದ್ದೆ ಉಪ್ಸಾರು ಉಂಡೆ ಎಂದು ಸಲೀಸಾಗಿ ಹೇಳಿದಳು. ನನಗೆ ಹೊಡೆಯುವಷ್ಟು ಸಿಟ್ಟು, ಅಳುವಷ್ಟು ಸಂಕಟ ಒಟ್ಟಿಗೇ ಬಂದಿತ್ತು.

ಹೀಗಿರುವಾಗ ತಂಗಿ ಇದ್ದ ಕಡೆ ಯುದ್ಧ ಶುರುವಾಯಿತು. ಯಾರು ಮೊದಲು ಹೊಡೆದರು, ಯಾಕೆ ಹೊಡೆದರು ಎಂದು ಅಂಗಡಿಗೆ ಬಂದವರಿಗೆಲ್ಲ ನಾನೇ ವಿವರಿಸಿದೆ. ನನಗೇ ಅರ್ಥವಾಗಿರಲಿಲ್ಲ. ಟಿವಿಯವರು ಮದುವೆ ಮನೆಯ ಸಡಗರದಲ್ಲಿ ಕೂಗುತ್ತಿದ್ದರು. ವಾಟ್ಸಾಪಿನಲ್ಲಿ ಕಟ್ಟಡಗಳು ಉರಿಯುತ್ತಿದ್ದವು. ಅದರಲ್ಲಿ ಯಾವುದು ಇವತ್ತಿನದು, ಯಾವುದು ಹಳೆಯದು, ಯಾವುದು ಮಕ್ಕಳಾಡುವ ಗೇಮಿನದು? ಹಗಲೆಲ್ಲ ಊರಿಗೆ ತೀರ್ಪು ಕೊಡುವ ನಾನು ಪ್ರತಿ ಕಟ್ಟಡವನ್ನೂ ದೊಡ್ಡದು ಮಾಡಿ, ಅದು ತಂಗಿಯ ಆಸ್ಪತ್ರೆಯೇ ಎಂದು ಹುಡುಕುತ್ತಿದ್ದೆ. ವಿಮಾನಗಳು ನಿಂತವು. ಅವಳಿಗೆ ಕಳಿಸಿದ ಮೆಸೇಜಿಗೆ ಒಂದೇ ಟಿಕ್ ಬಂದು ಹಾಗೇ ಉಳಿಯಿತು. ಅವ್ವ ಎರಡು ಹೊತ್ತು ಬರೀ ಮಜ್ಜಿಗೆ ಕುಡಿದಳು.

ಮಾರನೆಯ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಿದ್ದೆ. ಅವ್ವನ ಫೋನ್ ರಿಂಗಾಯಿತು. ಉದ್ದದ, ಗೊತ್ತಿಲ್ಲದ ನಂಬರು. ಅವ್ವ ಎತ್ತಿ ಸ್ಪೀಕರ್ ಹಾಕಿದಳು.

"ಅವ್ವ, ನಾನು ಕನವ್ವ."

ತಂಗಿಯ ದನಿಯೇ. ಆದರೆ ಒಣಗಿತ್ತು, ನಡುನಡುವೆ ಮುರಿಯುತ್ತಿತ್ತು. ಅವ್ವ ನನ್ನ ಮುಖ ನೋಡಿದಳು. ನಾನು ಹುಷಾರು ಎಂಬಂತೆ ಬೆರಳೆತ್ತಿದೆ.

"ಉಂಡ್ಯಾಮ್ಮಿ?"

"ಇಲ್ಲ ಕನವ್ವ. ನೆನ್ನಿಂದ ಏನೂ ಉಂಡಿಲ್ಲ. ಅಣ್ಣ ಅವ್ನಾ? ಬಿರ್ರನೆ ಅಣ್ಣಂಗ ಕೊಡವ್ವ..."

ಅವ್ವ ಕಟ್ ಮಾಡಿದಳು.

"ಅವ್ಳಲ್ಲ ಕನ್ಲಾ. ನನ್ ಕೂಸು ಯಾವತ್ತಾರ ನಂಗ ಉಂಡಿಲ್ಲ ಅಂದದಾ?"

ನನಗೆ ಹೆಮ್ಮೆಯಾಯಿತು. ಎಷ್ಟು ಚೆನ್ನಾಗಿ ಕಲಿತಿದ್ದಾಳೆ! ಗೊತ್ತಿಲ್ಲದ ನಂಬರು, ಬಿರ್ರನೆ ಕೊಡು ಎನ್ನುವ ಅವಸರ, ಎಲ್ಲವೂ ನಾನು ಹೇಳಿಕೊಟ್ಟ ಮೋಸದ ಲಕ್ಷಣಗಳೇ. "ಒಳ್ಳೇ ಕೆಲ್ಸ ಮಾಡ್ದೆ ಬುಡವ್ವ" ಎಂದು ಫೋನ್ ಇಸಿದುಕೊಂಡು ಆ ನಂಬರನ್ನು ಬ್ಲಾಕ್ ಮಾಡಿದೆ. ಆಮೇಲೆ ಕೈ ತೊಳೆದುಕೊಂಡು ಹೊಟ್ಟೆ ತುಂಬ ಉಂಡೆ.

ಅಂಗಡಿಗೆ ಹಿಂತಿರುಗಿದವನು ಪಕ್ಕದ ಟೈಲರ್ ಭಾಯಿಗೆ ಇದನ್ನು ದೊಡ್ಡ ಸಾಹಸದಂತೆ ಹೇಳಿದೆ. ಅವರ ಅಳಿಯನೂ ತಂಗಿ ಇರುವ ಊರಲ್ಲೇ ಇದ್ದಾನೆ. ಭಾಯಿ ಹೊಲಿಗೆ ಮಿಷನ್ ನಿಲ್ಲಿಸಿದರು.

"ನಮ್ ಅಳಿಯಾನೂ ಬೆಳಿಗ್ಗೆ ಬೇರೆಯವ್ರ ಫೋನಿಂದಾನೇ ಮಾಡಿದ್ದು" ಎಂದರು. "ಬಾಂಬಿಗೆ ಹೆದ್ರಿ ಎಲ್ರೂ ಬಿಲ್ಡಿಂಗ್ ಕೆಳಗೆ ಕೂತವ್ರಂತೆ. ಯಾವುದೋ ಒಂದೆರಡು ಸಿಮ್‌ಗೆ ಮಾತ್ರ ನೆಟ್‌ವರ್ಕು. ಅಂಗಡಿ ಎಲ್ಲಾ ಬಂದ್. ಅವ್ನೂ ಏನೂ ತಿಂದಿರ್ಲಿಲ್ಲ ಅಣ್ಣ."

ಅಂಗಡಿಗೆ ಬಾಗಿಲೂ ಹಾಕದೆ ಮನೆಗೆ ಓಡಿದೆ. ಅನ್‌ಬ್ಲಾಕ್ ಮಾಡಿ ಆ ನಂಬರಿಗೆ ತಿರುಗಿ ಫೋನ್ ಮಾಡಿದೆ. ಹೋಗಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೊನೆಗೆ ಒಬ್ಬ ಗಂಡಸು ಎತ್ತಿದ, ಮಾತಾಡಿದ್ದು ಮಲಯಾಳಂ. ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ಅಷ್ಟಿಷ್ಟು ಮಲಯಾಳಂ ಬಾರದೆ ಇರುತ್ತದೆಯೇ? ಈ ಫೋನಿಂದ ಮಾತಾಡಿದ ಹುಡುಗಿ ಎಲ್ಲಿ ಎಂದು ಕೇಳಿದೆ.

"ಆ ಕುಟ್ಟಿ ಪೋಯಿ" ಎಂದ. ಹುಡುಗಿ ಹೋಯಿತು, ಡ್ಯೂಟಿಗೆ ಕರೆದರು ಎಂದು. ಆಮೇಲೆ, ತುಂಬ ಅತ್ತಳು ಎಂದು ಅವನ ಭಾಷೆಯಲ್ಲೇ ಹೇಳಿದ. ಅಷ್ಟರಲ್ಲಿ ಲೈನ್ ಹೋಯಿತು.

"ಏನಂದನ್ಲಾ?" ಎಂದು ಅವ್ವ ಕೇಳಿದಳು. ಅವಳೇ ಅಂತೆ, ಚೆನ್ನಾಗಿದ್ದಾಳಂತೆ ಎಂದೆ. ಅತ್ತ ವಿಷಯ ನುಂಗಿಕೊಂಡೆ.

ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಗೋಡೆಗೆ ಒರಗಿ ಕೂತು, "ಒಂದೇ ಒಂದ್ ದಪ ದಿಟ ಏಳ್ತು ಕನ್ಲಾ ಕೂಸು" ಎಂದಳು. "ಅವತ್ತೇ ನಾನು ಫೋನ್ ಮಡುಗ್ಬುಟ್ಟೆ."

ಆ ದಿನ ಬೇರೆ ಫೋನ್ ಬರಲಿಲ್ಲ. ಅವ್ವ ಮಜ್ಜಿಗೆಯನ್ನೂ ಬೇಡ ಎಂದಳು. ನನ್ನ ಹೆಂಡತಿ ಗೋಗರೆದದ್ದು ವ್ಯರ್ಥವಾಯಿತು. ನನಗೆ ಮಧ್ಯಾಹ್ನ ಉಂಡ ಊಟ ಎದೆಯಲ್ಲೇ ನಿಂತಿತ್ತು. ಲೋಕದ ದೊಡ್ಡವರು ದೊಡ್ಡ ದೊಡ್ಡ ಮಾತಾಡುವುದನ್ನು ಟಿವಿಯಲ್ಲಿ ನೋಡುತ್ತಾ ಕೂತೆ. ಅವರು ನಿಜವಾಗಿಯೂ ಅದನ್ನು ಹೇಳಿದರೋ, ಯಾರಾದರೂ ಹೇಳಿಸಿದರೋ ಎಂಬುದೂ ನನಗೆ ತಿಳಿಯುವಂತಿರಲಿಲ್ಲ. ಟಿವಿ ಆರಿಸಿದೆ.

ಮರುದಿನ ಬೆಳಿಗ್ಗೆ, ಹೆಂಡತಿ ಅವ್ವನ ಮುಂದೆ ಮುದ್ದೆಯ ತಟ್ಟೆ ಇಟ್ಟು ಒಳಗೆ ಹೋದಳು. ಅದು ಹಾಗೇ ಆರುತ್ತಿರುವಾಗ ಫೋನ್ ಬಂತು. ಇನ್ನೊಂದು ಗೊತ್ತಿಲ್ಲದ ನಂಬರು.

"ಅವ್ವ, ನೆನ್ನ ಲೈನ್ ಕಟ್ಟಾಯ್ತು ಕನವ್ವ."

"ಉಂಡ್ಯಾಮ್ಮಿ?" ಅವ್ವನ ಬಾಯಿಂದ ಅದನ್ನು ಬಿಟ್ಟು ಇನ್ನೇನೂ ಬರಲಿಲ್ಲ.

"ಉಂಡಿ ಕನವ್ವ! ಅನ್ನ, ಪಲ್ಯ, ಮಜ್ಜಿಗ. ಹೊಟ್ಟ ತುಂಬ ಉಂಡಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ಇವ್ಳೇ ಕನ್ಲಾ" ಎಂದು ನನ್ನ ಕೈಗೆ ಫೋನ್ ಕೊಟ್ಟಳು.

ನನಗೆ ಅಷ್ಟು ನಂಬಿಕೆ ಬರಲಿಲ್ಲ. ಉಂಡೆ ಎಂದು ಯಂತ್ರವೂ ಹೇಳಬಲ್ಲದು. ಫೋನನ್ನು ಕಿವಿಗೆ ಒತ್ತಿಕೊಂಡು ಅಂಗಳಕ್ಕೆ ಬಂದೆ. ಆ ಕಡೆ ತುಂಬ ಜನರ ಗದ್ದಲ, ಯಾವುದೋ ಮಗುವಿನ ಅಳು.

"ದಿಟವಾಗ್ಲೂ ಉಂಡ್ಯಾ?" ಎಂದು ಮೆಲ್ಲಗೆ ಕೇಳಿದೆ.

ಅವಳು ದನಿ ಇಳಿಸಿ, "ಅಣ್ಣ, ಅವ್ವ ಉಂಡ್ಳಾ?" ಎಂದಳು.

ಆಗ ನನಗೆ ಗೊತ್ತಾಯಿತು, ಇವಳು ನನ್ನ ತಂಗಿಯೇ. ಬಾಗಿಲಿಂದ ಒಳಗೆ ನೋಡಿದೆ. ಅವ್ವ ಇನ್ನೂ ಅಳುತ್ತಿದ್ದಳು, ಮುದ್ದೆಯ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ.

"ಉಂಡ್ಳು ಕನಮ್ಮಿ" ಎಂದೆ. "ಆಗ್ಲೇ ಉಂಡ್ಳು."