ಅಜ್ಜಿಯ ಪಾಲಿನ ಅಕ್ಕಿ

ಇವತ್ತು ಗೋಣಿಚೀಲದ ವಾಸನೆ ಮೂಗಿಗೆ ಬಡಿದದ್ದೇ, ಸಾಂತಾಕ್ರೂಜಿನ ಚಾಳಿನ ನಮ್ಮ ಒಂಟಿ ಕೋಣೆಗೆ, ರೇಷನ್ ಅಕ್ಕಿಯ ಕಾಲಕ್ಕೆ ಹೋಗಿಬಿಟ್ಟೆ.

ನಮ್ಮ ಮನೆಯಲ್ಲಿ ಸರಿ ತಪ್ಪನ್ನು ತೀರ್ಮಾನಿಸುತ್ತಿದ್ದದ್ದು ಅಪ್ಪ ಮಂಗಳೂರಿನಿಂದ ತಂದಿದ್ದ ಕನ್ನಡ ಬೈಬಲ್. ತಪ್ಪು ಮಾಡಿದವರು ಊಟಕ್ಕೆ ಮುಂಚೆ ಎದ್ದು ನಿಂತು, ಅದಕ್ಕೆ ತಕ್ಕ ವಾಕ್ಯವನ್ನು ಗಟ್ಟಿಯಾಗಿ ಓದಬೇಕು. ಅದು ಅಪ್ಪನ ನಿಯಮ.

ಒಂದು ಸಂಜೆ ರೇಷನ್ ಇನ್‌ಸ್ಪೆಕ್ಟರ್ ಬಂದು ಕಾರ್ಡಿನ ಹೆಸರುಗಳನ್ನು ಓದಿದ. "ಬುಢ್ಢೀ ಕಿಧರ್?" ಮುದುಕಿ ಎಲ್ಲಿ ಅಂತ.

ಅಜ್ಜಿ ತೀರಿಕೊಂಡು ಮೂರು ತಿಂಗಳಾಗಿತ್ತು. ಅವಳ ಪಾಲಿನ ಅಕ್ಕಿ ಮಾತ್ರ ಇನ್ನೂ ಬರುತ್ತಿತ್ತು.

"ಚರ್ಚ್ ಗಯೀ ಹೈ, ಸಾಹೇಬ್," ಎಂದರು ಅಪ್ಪ.

ಸತ್ತ ಅಜ್ಜಿ ಚರ್ಚಿಗೆ ಹೋಗಿದ್ದಾಳಂತೆ! ನಾನು ಬೆಚ್ಚಿಬಿದ್ದೆ. ಇನ್‌ಸ್ಪೆಕ್ಟರ್ ಮೆಟ್ಟಿಲಿಳಿಯುತ್ತಿದ್ದಂತೆ ಬೈಬಲ್ ತಂದು, ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯಿರುವ ಪುಟ ತೆರೆದು ಅಪ್ಪನ ಮುಂದೆ ಹಿಡಿದೆ.

"ಎಂತ ಮಾರಾಯ್ತಿ, ಅಪ್ಪನಿಗೇ ಪಾದ್ರಿಯಾ ನೀನು?" ಅಮ್ಮ ಕೈಯೆತ್ತಿದಳು. "ಆ ಅಕ್ಕಿ ಹೋದ್ರೆ ನಿನಗೆ ಎಂತ ಬಡಿಸುದು?"

ಅಪ್ಪ ಎದ್ದು ನಿಂತು ಓದಿದರು. ಓದಿ ಮುಗಿಸಿ, ಕಾರ್ಡು ಹಿಡಿದು ಬರಿಗಾಲಲ್ಲೇ "ಸಾಹೇಬ್, ಠಹರೋ!" ಎನ್ನುತ್ತಾ ಅವನನ್ನು ನಿಲ್ಲಿಸಲು ಓಡಿದರು.

ಮರಳಿದಾಗ ಅಜ್ಜಿಯ ಹೆಸರಿನ ಮೇಲೆ ಕೆಂಪು ಗೀಟಿತ್ತು. ಅಮ್ಮ ಅದನ್ನು ಬೆರಳಿನಿಂದ ಮುಟ್ಟಿದಳು. "ಈಗ ಹೋದ್ರು ಅತ್ತೆ," ಎಂದಳು. ಮಣ್ಣು ಮಾಡಿದ ದಿನವೂ ಅಳದವಳು ಬಿಕ್ಕಿ ಬಿಕ್ಕಿ ಅತ್ತಳು.

ನಾನು ಮಾಡಿದ್ದು ಸರಿಯೆಂದು ಇಂದಿಗೂ ನಂಬಿದ್ದೇನೆ. ಆ ಅಳು ಮಾತ್ರ ಇನ್ನೂ ಕಿವಿಯಲ್ಲಿದೆ.