ಬಸ್ಸುಮನೆಯ ಹಿಂದೊಂದು ಕಾರು

ಮನೆ ಓಡಿಸುವಾಗ ನಾನು ಮುಂದಿನ ರಸ್ತೆಗಿಂತ ಪಕ್ಕದ ಕನ್ನಡಿಯನ್ನೇ ಹೆಚ್ಚು ನೋಡುತ್ತೇನೆ. ಇದನ್ನು ಪೊಲೀಸಿನವರಿಗೆ ಹೇಳಬೇಡಿ. ನಿವೃತ್ತನಾದ ಮೇಲೆ ಶೆಟ್ಟಿಹಳ್ಳಿಯ ಮನೆಯನ್ನು ಬಾಡಿಗೆಗೆ ಕೊಟ್ಟೆ. ಹಳೆಯ ಮಿನಿಬಸ್ಸೊಂದನ್ನು ಕೊಂಡು, ಯಶವಂತಪುರದ ಒಂದು ಶೆಡ್ಡಿನಲ್ಲಿ ಸೀಟುಗಳನ್ನೆಲ್ಲ ಕೀಳಿಸಿ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿದೆ. ಈಗ ನಾನೂ ನನ್ನ ಹೆಂಡತಿ ರತ್ನಳೂ ಅದರಲ್ಲೇ ವಾಸ. ತಿರುಗುವ ಹುಚ್ಚು ನನ್ನದು. ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ನನ್ ಕಾರೂ ಜೊತೇಲಿ ಬರ್ಬೇಕು ಕಣ್ರೀ."

ಮನೆಯೇ ಓಡುವಾಗ ಕಾರು ಯಾಕೆ ಎಂದು ಗೊಣಗಿದ್ದೆ. ಜಕ್ಕೂರು ಕೆರೆಯ ಹತ್ತಿರ ನಿಂತಿದ್ದಾಗ ಬುದ್ಧಿ ಬಂತು. ಕಾರು ರಿಪೇರಿಗೆ ಹೋಗಿತ್ತು, ಕೊತ್ತಂಬರಿ ಸೊಪ್ಪು ಮುಗಿದಿತ್ತು. ಅಷ್ಟಕ್ಕೆ ಇಡೀ ಮನೆಯನ್ನೇ ಹೊರಡಿಸಬೇಕಾಯಿತು. ಸಾರು ಇಳಿಸಿ, ಲೋಟಗಳನ್ನು ಟವೆಲಿನಲ್ಲಿ ಸುತ್ತಿ, ದೇವರ ಪಟಗಳನ್ನು ಹಾಸಿಗೆಯ ಮೇಲೆ ಮಲಗಿಸಿ ಹೋದರೆ, ಹಳೇ ಊರಿನ ಓಣಿಯಲ್ಲಿ ಬಸ್ಸು ಯಾರದೋ ಮನೆಯ ಸಜ್ಜಾಕ್ಕೆ ತಗುಲಿಕೊಂಡಿತು. ಅವರ ಬೈಗುಳದ ನಡುವೆಯೇ ಕಾರು ಬೇಕೆಂದು ಒಪ್ಪಿಕೊಂಡೆ.

ಆದರೆ ಒಪ್ಪಿಕೊಂಡ ದಿನದಿಂದಲೇ ಹೆದರಿಕೆಯೂ ಶುರುವಾಯಿತು. ಮುಂದೆ ಬಸ್ಸು ಓಡಿಸುವವನು ನಾನು, ಹಿಂದೆ ಕಾರು ಓಡಿಸಿಕೊಂಡು ಬರುವವಳು ಅವಳು. ಕಾರಿದ್ದ ಮೇಲೆ ವಾಪಸು ಹೋಗುವುದೂ ಸುಲಭ. ಈ ಅಲೆದಾಟ ಸಾಕೆನಿಸಿದ ದಿನ ಅವಳು ಕಾರು ತಿರುಗಿಸಿ ಶೆಟ್ಟಿಹಳ್ಳಿಯಲ್ಲಿರುವ ತನ್ನ ಅಕ್ಕನ ಮನೆಗೆ ಹೊರಟುಬಿಟ್ಟರೆ? ಕೇಳುವ ಧೈರ್ಯ ಇರಲಿಲ್ಲ. ನಮ್ಮ ತಾತ ಗಾಡಿಯ ಹಿಂದೆ ಕರು ಕಟ್ಟಿಕೊಂಡು ಯಶವಂತಪುರದ ಸಂತೆಗೆ ಹೋಗುತ್ತಿದ್ದನಂತೆ, ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲವಂತೆ. ಅವನಿಗೇನು, ನಡುವೆ ಹಗ್ಗ ಇತ್ತು.

ಸಾಲದ್ದಕ್ಕೆ ನಿಂಬೆಹಣ್ಣಿನ ಚಿಂತೆ ಬೇರೆ. ಪೂಜೆಯ ದಿನ ಪುರೋಹಿತರು, "ಇದು ಮನೆಯೋ, ಗಾಡಿಯೋ?" ಎಂದು ಕೇಳಿದ್ದರು. ನಾನು ಗತ್ತಿನಿಂದ ಮನೆ ಎಂದೆ. ಬಸ್ಸಿನೊಳಗೆ ಹಾಲುಕ್ಕಿಸಿ ಗೃಹಪ್ರವೇಶ ಮಾಡಿದರು. ಗಾಡಿಪೂಜೆಯೆಲ್ಲ ಕಾರಿಗೆ ಆಯಿತು, ಚಕ್ರದಡಿ ನಿಂಬೆಹಣ್ಣೂ ಅದಕ್ಕೇ. ಬಸ್ಸಿನ ಚಕ್ರಕ್ಕೆ ಒಂದು ಹೋಳೂ ಸಿಗಲಿಲ್ಲ. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು, ಆದರೂ ರಸ್ತೆಯ ಪ್ರತಿ ಹಂಪಿನಲ್ಲೂ ಅದೇ ನೆನಪು.

ಒಮ್ಮೆ ಆರ್.ಟಿ. ನಗರದಿಂದ ಹುಣಸಮಾರನಹಳ್ಳಿಗೆ ಹೊರಟೆವು. ಅಲ್ಲಿ ನೆಂಟರ ಖಾಲಿ ಸೈಟಿದೆ. ಹೆಬ್ಬಾಳದಲ್ಲಿ ಎಡಕ್ಕೆ ಹೊರಳಿದರೆ ಶೆಟ್ಟಿಹಳ್ಳಿಯ ಕಡೆಯ ದಾರಿ. ಫ್ಲೈಓವರ್ ಹತ್ತಿ ಕನ್ನಡಿ ನೋಡಿದರೆ ಕಾರಿಲ್ಲ! ನಿಲ್ಲಿಸೋಣವೆಂದರೆ ಹಿಂದಿನವರ ಹಾರ್ನು. ಏರ್‌ಪೋರ್ಟಿಗೆ ಹೋಗುವವರಿಗೆ ಬೇರೆಯವರ ಸಂಕಟ ಕಾಣುವುದಿಲ್ಲ. ಸೈಟು ತಲುಪಿ ಫೋನ್ ಮಾಡಿದೆ, ಎತ್ತಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕೂತೆ. ಮುಗಿಯಿತು, ಹೋದಳು ಎಂದುಕೊಂಡೆ.

ಬಹಳ ಹೊತ್ತಿನ ಮೇಲೆ ಕಾರು ಬಂತು. ರತ್ನ ಇಳಿದಳು, ಕೈಯಲ್ಲೊಂದು ಕವರು.

"ಫೋನ್ ಯಾಕೆ ಎತ್ಲಿಲ್ಲ?"

"ಓಡಿಸ್ತಾ ಎತ್ಬೇಡ ಅಂತ ನೀವೇ ತಾನೇ ಹೇಳಿದ್ದು? ನಿಂಬೆಹಣ್ಣು ತರಕ್ಕೆ ನಿಲ್ಲಿಸ್ದೆ ಕಣ್ರೀ. ದಿನಾ ಹಿಂದಿಂದ ನೋಡ್ತೀನಲ್ಲ, ಒಂದೊಂದು ಹಂಪಿಗೂ ಹೆದರ್ಕೊಂಡು ಹೋಗ್ತೀರ."

ಅವಳು ಬಗ್ಗಿ ಬಸ್ಸಿನ ಚಕ್ರಗಳ ಮುಂದೆ ಹಣ್ಣು ಇಡತೊಡಗಿದಳು. ಇನ್ನು ತಡೆಯಲಾಗಲಿಲ್ಲ.

"ನೀನು ಶೆಟ್ಟಿಹಳ್ಳಿಗೆ ಹೊರಟ್‌ಹೋದೆ ಅಂದ್ಕೊಂಡೆ ಕಣೇ."

ಅವಳು ಎದ್ದು ನಿಂತು ನನ್ನನ್ನೇ ನೋಡಿದಳು. "ಅಲ್ಲಿಗೆ ಹೋಗಿ ಏನ್ ಮಾಡ್ಲಿ? ನನ್ ಸಾಸಿವೆ ಡಬ್ಬಿ ಇಲ್ಲಿದೆ."

ಮುಂದಿನ ಸಲ ಅವಳನ್ನೇ ಮುಂದೆ ಕಳಿಸಿದೆ. ಕಾರು ಕಣ್ಣೆದುರೇ ಇತ್ತು, ಮೊದಲ ಸಲ ಹಾಯಾಗಿ ಓಡಿಸಿದೆ. ಆದರೆ ಖಾಲಿ ರಸ್ತೆಯಲ್ಲೂ ಅವಳ ಬ್ರೇಕ್ ಲೈಟು ಮತ್ತೆ ಮತ್ತೆ ಹತ್ತುತ್ತಿತ್ತು. ಯಲಹಂಕದಲ್ಲಿ ಕಾಫಿಗೆ ನಿಂತಾಗ ಯಾಕೆಂದು ಕೇಳಿದೆ.

"ನೀವು ಕನ್ನಡೀಲಿ ಕಾಣ್ದೇ ಹೋದ್ರೆ ಎದೆ ಡವಡವ ಅನ್ನುತ್ತೆ ಕಣ್ರೀ."

ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು. ಅಂದಿನಿಂದ ಊರು ಬಿಡುವಾಗಲೆಲ್ಲ ನಮ್ಮಲ್ಲಿ ಜಗಳ. ಇಬ್ಬರಿಗೂ ಹಿಂದೆಯೇ ಬರಬೇಕು.