ಆಲೆಟ್ಟಿಯ ಮಲಗದ ಭತ್ತ

ಎಪ್ಪತ್ತರ ದಶಕದ ಕೊನೆಯ ಒಂದು ಅಕ್ಟೋಬರ್ ಬೆಳಿಗ್ಗೆ ಪುತ್ತೂರಿನ ಹತ್ತಿರದ ನಮ್ಮೂರು ನರಿಮೊಗರಿನಿಂದ ಹೊರಟೆ. ಅಣ್ಣ ಅಂಗಳದಲ್ಲೇ ತಡೆದು ಹೇಳಿದ: "ಇನ್ನೊಂದು ಸರ್ತಿ ಭತ್ತ ಬಿದ್ರೆ ಗದ್ದೆಗೆ ಅಡಿಕೆ ಸಸಿ ಇಡುದೇ. ಮತ್ತೆ ಎಂತದೂ ಹೇಳ್ಬೇಡ." ತಪ್ಪು ನನ್ನದೇ. ಎಷ್ಟು ಮಳೆ ಹೊಡೆದರೂ ಮಲಗದ ಭತ್ತವನ್ನು ಸುಳ್ಯದ ಬಳಿಯ ಆಲೆಟ್ಟಿಯಲ್ಲಿ ಬೇಸಾಯ ಮಾಡುವ ಚಿನ್ನಮ್ಮಕ್ಕನ ಗದ್ದೆಯಲ್ಲಿ ಹಿಂದಿನ ವರ್ಷ ಕಂಡು, ಮರುಳಾಗಿ ಬೀಜ ತಂದಿದ್ದೆ. ನಮ್ಮಲ್ಲಿ ಅದು ಕದಿರು ತುಂಬುವ ಹೊತ್ತಿಗೆ ಚಾಪೆ ಹಾಸಿದಂತೆ ಮಲಗಿತು. ನಮ್ಮ ಗದ್ದೆಯ ಅನ್ನ ಉಂಡು ಬೆಳೆದವನು ನಾನು. ಅದು ಹೋಗುತ್ತದೆಂದರೆ ಸಂಕಟವಾಗುತ್ತಿತ್ತು.

ಪುತ್ತೂರಿನಲ್ಲಿ ಬನ್ಸ್, ಚಹಾ ಮುಗಿಸಿ ಸುಳ್ಯದ ಬಸ್ಸು ಹಿಡಿದೆ. ಟಿಕೇಟು ಎರಡು ರೂಪಾಯಿ ಚಿಲ್ಲರೆ. ಸೀಟು ಸಿಕ್ಕಿದ್ದು ಅರ್ಧ ದಾರಿ ಕಳೆದ ಮೇಲೆ. ನಾನು ಶಾಲೆಯ ಮಾಷ್ಟ್ರು ಎಂದು ಕಂಡಕ್ಟರನಿಗೆ ಗೊತ್ತು. ನನ್ನ ಕೈಯಲ್ಲಿದ್ದ ಬಿದ್ದ ಪೈರಿನ ಕಟ್ಟು ನೋಡಿ, "ಮಾಷ್ಟ್ರೆ, ಹುಲ್ಲು ಬಂತು, ದನ ಎಲ್ಲುಂಟು?" ಎಂದು ಇಡೀ ಬಸ್ಸನ್ನು ನಗಿಸಿದ. ಸುಳ್ಯದಲ್ಲಿಳಿದು ಬಿಸಿಲಲ್ಲೇ ನಡೆದು ಆಲೆಟ್ಟಿ ಸೇರಿದೆ.

ಚಿನ್ನಮ್ಮಕ್ಕ ಬೆಲ್ಲ, ನೀರು ಕೊಟ್ಟು ನನ್ನ ದೂರು ಕೇಳಿದರು. ಕಟ್ಟು ಬಿಚ್ಚಿ ನೋಡಿ, "ಹೋದ ವರ್ಷ ಇಲ್ಲಿಂದ ಬೀಜದ ಕದಿರು ಹೆಕ್ಕಿದ್ದು ಯಾರು?" ಎಂದರು.

"ನಾನೇ. ಉದ್ದುದ್ದ ಇದ್ದದ್ದನ್ನು ಮಾತ್ರ."

ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. "ಬನ್ನಿ ಮಾರಾಯ್ರೆ, ತೋರಿಸ್ತೇನೆ."

ಅವರ ಗದ್ದೆ ನೆಟ್ಟಗೆ ನಿಂತಿತ್ತು. ಪೈರು ಸರಿಸಿದರೆ ಒಳಗೆ ಎರಡು ಜಾತಿ. ಒಂದು ಎತ್ತರ, ಸಪೂರ ದಂಟು, ಉದ್ದ ಕದಿರು. ಇನ್ನೊಂದು ಗಿಡ್ಡ, ಗಟ್ಟಿ ದಂಟು, ಕಪ್ಪು ಕಾಳು. ಅವರು ಒಂದು ಗಿಡ್ಡ ಬುಡವನ್ನು ಕಾಲಿನಿಂದ ಬದಿಗೊತ್ತಿದ್ದೇ ತಡ, ಪಕ್ಕದ ಉದ್ದನೆಯದು ಮೆಲ್ಲನೆ ಮಲಗಿಕೊಂಡಿತು.

"ಇದು ನಿಲ್ಲುದು ಅದರ ಬಲದಲ್ಲಿ. ನಮ್ಮ ಅತ್ತೆಯ ಕಾಲದಿಂದ ಎರಡನ್ನೂ ಒಟ್ಟಿಗೇ ಬಿತ್ತುದು. ನೀವು ಒಂದನ್ನೇ ಕೊಂಡೋದ್ರೆ ಹೇಗೆ ನಿಲ್ತದೆ?"

ಗುಣವೆಲ್ಲ ಬೀಜದೊಳಗೇ ಇರುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವವನು ನಾನು. ಪಕ್ಕದ ಗಿಡದ ಬೀಜಕ್ಕೂ ಇದರ ಗುಣದಲ್ಲಿ ಪಾಲುಂಟು ಎಂದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಗಂಜಿಗೆ ಮಿಡಿ ಉಪ್ಪಿನಕಾಯಿಯನ್ನು ಎರಡು ಸಲ ಹಾಕಿಸಿಕೊಂಡೆ. ಮೇಲಿನ ಗದ್ದೆಯಿಂದ ಆಗಲೇ ಕೊಯ್ದು ಒಣಗಿಸಿದ್ದ, ಎರಡೂ ಜಾತಿ ಸೇರಿದ ಬೀಜವನ್ನು ಕಟ್ಟಿಕೊಟ್ಟು ಅವರು, "ಬಿದ್ರೆ ಕಾಗದ ಬರೀರಿ" ಎಂದರು.

ಸಂಜೆ ಮನೆಗೆ ಮುಟ್ಟಿದರೆ, ಅಣ್ಣ ಬೀಜ ಕಂಡವನೇ ಗೆರಸೆ ತಂದು ಕಪ್ಪು ಕಾಳು ಹೆಕ್ಕಿ ಎಸೆಯಲು ಕುಳಿತ! ಗೆರಸೆ ಕಸಿದುಕೊಂಡೆ. ಊಟದವರೆಗೂ ಜಗಳವಾಯಿತು. ಕೊನೆಗೆ, "ಒಂದೇ ವರ್ಷ" ಎಂದ.

ಮರುವರ್ಷ ನಾನು ಕಾಗದ ಬರೆಯಲಿಲ್ಲ. ಅಣ್ಣನೇ ಹೊಸ ಅಕ್ಕಿ ಕಟ್ಟಿಕೊಂಡು ಸುಳ್ಯದ ಬಸ್ಸು ಹತ್ತಿದ.